ದೊಡ್ಡಾಯಿಯ ಮಾತ್ರೆ ಡಬ್ಬಿ

ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮ ದೊಡ್ಡಾಯಿ ಒಬ್ಬರೇ ಇರುವುದು. ಬಿಪಿ ಮಾತ್ರೆ ಮರೆಯುತ್ತಾರೆ ಅಂತ ಅವರಿಗೊಂದು ಪುಟ್ಟ ರೋಬೋ ಮಾಡಿಕೊಟ್ಟೆ. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಕ್ಯಾಮೆರಾ, ಪರದೆ ಮೇಲೆ ಎರಡು ಕಣ್ಣು. ಮುಖ ಕಂಡ ಕಡೆ ಕಣ್ಣು ತಿರುಗುತ್ತಿತ್ತು. ನನಗೋ ಅದೇ ಹೆಮ್ಮೆ.

"ತಮಾ, ಆನು ಸೀರೆ ಉಡಕಾರೂ ಇದು ನೋಡ್ತಾ?" ಅಂದರು. ಅವತ್ತೇ ಕ್ಯಾಮೆರಾ ಬಿಚ್ಚಿದೆ.

ಮಾತು ಗುರುತಿಸುವುದೂ ಕೈಕೊಟ್ಟಿತು. ಅದಕ್ಕೆ ಗೊತ್ತಿದ್ದದ್ದು ಪುಸ್ತಕದ ಕನ್ನಡ. ಇವರದ್ದು ಹವ್ಯಕ ಮಾತು, ಅದರ ಮೇಲೆ ಬಾಯ್ತುಂಬ ಎಲೆ-ಅಡಿಕೆಯ ಕವಳ. "ಹ್ಞೂಂ" ಅಂದರೆ ಯಾವ ಮೆಷಿನ್ನಿಗೆ ಅರ್ಥವಾದೀತು? "ತಗೊಂಡೆ" ಅಂತ ತಿಳಿಸಲು ದೊಡ್ಡ ಬಟನ್ ಇಟ್ಟೆ.

ನಿಜವಾದ ಎಡವಟ್ಟು ಬೇರೆ. ಬಟನ್ ಒತ್ತದಿದ್ದರೆ "ನನಗೆ ಬೇಜಾರಾಗ್ತಿದೆ, ಮಾತ್ರೆ ತಗೊಳ್ಳಿ" ಅನ್ನಲಿ ಅಂತ ನಾನೇ ಬರೆದಿದ್ದೆ. ಮಳೆಗಾಲದ ಪಸೆಗೆ ಬಟನ್ನಿನ ಕಾಲಿಗೆ ತುಕ್ಕು ಹಿಡಿಯಿತು. ದೊಡ್ಡಾಯಿ ಒತ್ತಿದರೂ ಅದಕ್ಕೆ ತಿಳಿಯಲಿಲ್ಲ. ಮೂರು ಸಲ ಬೇಜಾರು ಮಾಡಿಕೊಂಡಿತು. ಅವರು ಮರುದಿನದ ಮಾತ್ರೆಯನ್ನೂ ನುಂಗಿಬಿಟ್ಟರು!

"ತಗಂಡಿದ್ದು ಗೊತ್ತಿತ್ತು ಮಾರಾಯಾ. ಪಾಪ, ಅದಕ್ಕೆ ಬೇಜಾರು ಮಾಡದು ಎಂತಕ್ಕೆ ಹೇಳಿ."

ಡಾಕ್ಟರಿಗೆ ಫೋನ್ ಮಾಡಿದೆ, ಮತ್ತೆ ಮತ್ತೆ ಬಿಪಿ ನೋಡಿದೆ. ಏನೂ ಆಗಲಿಲ್ಲ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ 'ಎಲಿಜಾ' ಅನ್ನೋ ಹರಟುವ ಪ್ರೋಗ್ರಾಂ ಮಾಡಿದ್ದರು. ಅದು ಬರೀ ಪ್ರೋಗ್ರಾಂ ಅಂತ ಗೊತ್ತಿದ್ದ ಅವರ ಸೆಕ್ರೆಟರಿಯೇ, ಅದರ ಜೊತೆ ಮಾತಾಡಬೇಕು, ನೀವು ಹೊರಗೆ ಹೋಗಿ ಅಂದಿದ್ದರಂತೆ. ಓದಿ ನಕ್ಕಿದ್ದೆ. ಅದೇ ಕಥೆ ನಮ್ಮ ಜಗುಲಿಗೂ ಬರುತ್ತೆ ಅಂದುಕೊಂಡಿರಲಿಲ್ಲ.

ಈಗಿನದ್ದು ಕವಳದ ಬಟ್ಟಲ ಪಕ್ಕ ಕೂರುವ ಮರದ ಡಬ್ಬಿ. ಕಣ್ಣಿಲ್ಲ, ನೆಟ್ ಬೇಡ. ಇಎಸ್‌ಪಿ32 ಅನ್ನೋ ಪುಟ್ಟ ಕಂಟ್ರೋಲ್ ಬೋರ್ಡ್, ಬ್ಯಾಟರಿ, ಕರೆಂಟ್ ಹೋದರೂ ಹೊತ್ತು ತಪ್ಪದ ಗಡಿಯಾರದ ಚಿಪ್. ಆ ದಿನದ ಮುಚ್ಚಳವನ್ನಷ್ಟೇ ಪುಟ್ಟ ಮೋಟರ್ ತೆರೆಯುತ್ತದೆ, ಉಳಿದವು ಬಂದ್. ಒಳಗೆ ಖಾಲಿ ಇದ್ದರೆ ತಗೊಂಡಾಯ್ತು, ಅಷ್ಟೇ. ದನಿ ನನ್ನದು. ನಾನೇ ಬಂದೆ ಅಂತ ಅವರು ಬಾಗಿಲಿಗೆ ಹೋಗಬಾರದಲ್ವಾ, ಅದಕ್ಕೆ "ಇದು ಡಬ್ಬಿ" ಅಂತಲೇ ಶುರು: "ಇದು ಡಬ್ಬಿ. ಮಾತ್ರೆ ಹೊತ್ತಾತು." ಎರಡು ಸಲ ಹೇಳಿ ಸುಮ್ಮನಾಗುತ್ತದೆ. ಬದಿಗೆ ಆಫ್ ಸ್ವಿಚ್ ಇದೆ. ಪಕ್ಕದ ಮನೆಯವರು ಪಟ್ಟಾಂಗಕ್ಕೆ ಬಂದಾಗ ದೊಡ್ಡಾಯಿ ಅದನ್ನು ಧಾರಾಳವಾಗಿ ಬಳಸುತ್ತಾರೆ.

ಮಾತ್ರೆ ತಪ್ಪಿದರೆ ತನಗೆ ಮೆಸೇಜ್ ಬರಲಿ ಅಂತ ದೊಡ್ಡಾಯಿಯ ಮಗನ ಹಟ. "ಬೆಂಗ್ಳೂರಿಂದ ಅಂವ ಬಪ್ಪಷ್ಟೊತ್ತಿಗೆ ಬೆಳಗಾಗ್ತು" ಅಂದರು ದೊಡ್ಡಾಯಿ. ಅವರಿಗೆ ಬೇಕಾದ್ದು ಆಚೆ ಮನೆಯಲ್ಲೊಂದು ಗಂಟೆ. ಅದಕ್ಕೆ ತಂತಿ ಎಳೆಯುವುದು ಇನ್ನೂ ಬಾಕಿ ಇದೆ.