ಯುಗಾದಿಗೆ ಹೇಗಿದ್ದ?

ಮನೋವೈದ್ಯ ವೃತ್ತಿಗೆ ಇಳಿದ ಹೊಸದು. ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ಕರೆದುಕೊಂಡು ಬಂದರು. ಕಾಲೇಜಿಗೆ ಹೋಗಲ್ಲ, ಸ್ನಾನ ಮಾಡಲ್ಲ, ಊಟ ಸೇರಲ್ಲ. ನಾನು ಫೈಲಿನಲ್ಲಿ 'ಹಸಿವು ಕಡಿಮೆ' ಅಂತ ಬರೆದೆ. ಖಿನ್ನತೆ ಅಂದುಕೊಂಡು ಮಾತ್ರೆ ಕೊಟ್ಟೆ. ಎರಡು ತಿಂಗಳಾದ ಮೇಲೆ ಗೊತ್ತಾಯಿತು, ಅವನಿಗೆ ಹಸಿವು ಚೆನ್ನಾಗಿಯೇ ಇತ್ತು. ಸೀಲ್ ಒಡೆಯದ ಪ್ಯಾಕೆಟ್‌ನ ಬಿಸ್ಕೆಟ್ ಮಾತ್ರ ತಿನ್ನುತ್ತಿದ್ದ. ಮನೆಯ ಸಾರಿಗೆ ಯಾರೋ ವಿಷ ಹಾಕುತ್ತಾರೆ ಅಂತ ಅವನಿಗೆ ಖಾತ್ರಿ. ಯಾಕೆ ತಿನ್ನಲ್ಲ ಅಂತ ನಾನು ಒಂದು ಮಾತು ಕೇಳಿರಲಿಲ್ಲ.

ಸ್ಕಿಜೋಫ್ರೇನಿಯಾದಲ್ಲಿ ಜನರ ಕಣ್ಣಿಗೆ ಬೀಳುವುದು ಗಲಾಟೆಯ ಭಾಗ. ಯಾರೂ ಇಲ್ಲದಾಗ ಮಾತು ಕೇಳಿಸುವುದು, ಪಕ್ಕದ ಮನೆಯವರು ಸಂಚು ಮಾಡುತ್ತಿದ್ದಾರೆ ಅಂತ ಗಟ್ಟಿಯಾಗಿ ನಂಬುವುದು, ಮಾತು ಎಲ್ಲಿಂದ ಎಲ್ಲಿಗೋ ಹಾರುವುದು. ಎಷ್ಟೋ ಸಲ ಅದಕ್ಕೂ ಮೊದಲೇ ತಿಂಗಳುಗಟ್ಟಲೆ ಸದ್ದಿಲ್ಲದೆ ಬೇರೊಂದು ನಡೆದಿರುತ್ತದೆ. ಗೆಳೆಯರ ಫೋನ್ ಎತ್ತಲ್ಲ. ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಮನೆಯವರು ಇದಕ್ಕೆ ಸೋಮಾರಿತನ, ಮೊಬೈಲ್ ಚಟ, ಲವ್ ಫೇಲ್ಯೂರ್ ಅಂತ ಹೆಸರಿಡುತ್ತಾರೆ. ಒಬ್ಬರೊಳಗೆ ಇಬ್ಬರು ಇರುವ ಕಾಯಿಲೆ ಇದು ಅನ್ನುವುದು ಮಾತ್ರ ಸಿನಿಮಾ ಕಥೆ.

ಕಾಯಿಲೆಗೆ ಹೆಸರಿಡಲು ನಮಗೆ ಲಕ್ಷಣದಷ್ಟೇ ಕಾಲವೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಪ್ರಕಾರ ಲಕ್ಷಣಗಳು ಕನಿಷ್ಠ 1 ತಿಂಗಳು ಇರಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಪ್ರಕಾರ, ಮೊದಲ ಬದಲಾವಣೆಯೂ ಸೇರಿ 6 ತಿಂಗಳು. ಆದರೆ ಯಾವಾಗಿನಿಂದ ಹೀಗೆ ಅಂತ ಕೇಳಿದರೆ ಮನೆಯವರು ಗಲಾಟೆ ಶುರುವಾದ ದಿನ ಹೇಳುತ್ತಾರೆ. ತಾರೀಖು ಯಾರಿಗೆ ನೆನಪಿರುತ್ತೆ? ಹಬ್ಬ ನೆನಪಿರುತ್ತೆ. ಹಾಗಾಗಿ ನಾನು ಹಬ್ಬ ಹಿಡಿದು ಹಿಂದಕ್ಕೆ ಹೋಗುತ್ತೇನೆ.

ಒಂದು ಮೇ ತಿಂಗಳಲ್ಲಿ ರಾಜಾಜಿನಗರದಿಂದ ತಾಯಿ, ಮಗ, ಮಗಳು ಬಂದರು. (ಗುರುತು ಸಿಗದ ಹಾಗೆ ಒಂದಷ್ಟು ವಿವರ ಬದಲಿಸಿದ್ದೇನೆ.) ಮಗಳು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಮಾತಾಡಿದ ಮೇಲೆ ಡಾಕ್ಟರನ್ನು ನೋಡೋಣ ಅಂತ ಹೊರಟವರು. ಹುಡುಗನಿಗೆ ಇಪ್ಪತ್ತನಾಲ್ಕು. ಎರಡೂ ಕಿವಿಗೆ ಹತ್ತಿ.

"ಮೂರು ವಾರದಿಂದ ಹೀಗಾಗಿದಾನೆ ಡಾಕ್ಟ್ರೇ."

"ಯುಗಾದಿಗೆ ಹೇಗಿದ್ದ ಅಮ್ಮಾ?"

"ಹೋಳಿಗೆ ರೂಮಿಗೇ ಕೊಟ್ಟೆ."

"ಸಂಕ್ರಾಂತಿಗೆ?"

"ತಂಗೀನ ಗಾಡೀಲಿ ಎಳ್ಳು ಬೀರೋಕೆ ಕರ್ಕೊಂಡು ಹೋಗ್ತಿದ್ದ. ಈ ಸಲ ಹೋಗಲಿಲ್ಲ."

"ದೀಪಾವಳಿಗೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಚ್ಚಲುಮನೇಲಿ ಬಾಗಿಲು ಹಾಕ್ಕೊಂಡು ಕೂತಿದ್ದ. ಪಟಾಕಿಗೆ ಹೆದರಿಕೊಂಡ ಅಂತ ನಕ್ಕುಬಿಟ್ವಿ."

ಮೂರು ವಾರ ಹೋಗಿ ಆರು ತಿಂಗಳಾಯಿತು.

ಅವರಿಬ್ಬರನ್ನೂ ಹೊರಗೆ ಕೂರಿಸಿದೆ. ಧ್ವನಿ ಕೇಳಿಸುತ್ತಾ ಅಂತ ನೇರವಾಗಿ ಕೇಳಿದರೆ 'ಹುಚ್ಚು ಅಂತೀರಾ' ಅಂತ ಎದ್ದು ಹೋಗುವವರಿದ್ದಾರೆ. ನಿದ್ದೆಯ ಮಾತಿನಿಂದ ಶುರು ಮಾಡಿದೆ. "ಯಾರೂ ಇಲ್ಲದಾಗಲೂ ಕೆಲವರಿಗೆ ಮಾತು ಕೇಳಿಸುತ್ತೆ. ನಿಮಗೆ?" ಹುಡುಗ ಫ್ಯಾನ್ ನೋಡಿದ. "ಇಬ್ಬರು," ಅಂದ. "'ಈಗ ಒಳಗೆ ಬಂದ, ಈಗ ಕೂತ' ಅಂತ ಮಾತಾಡ್ಕೋತಾರೆ." ಹತ್ತಿ ಅದಕ್ಕೇ.

ನಮ್ಮ ನಡೆಯನ್ನೇ ಹೀಗೆ ವರದಿ ಮಾಡುವ ಧ್ವನಿಗಳನ್ನು ಜರ್ಮನಿಯ ಮನೋವೈದ್ಯ ಕರ್ಟ್ ಷ್ನೈಡರ್ ಈ ಕಾಯಿಲೆಯ ಮೊದಲ ಸಾಲಿನ ಲಕ್ಷಣಗಳಲ್ಲಿ ಸೇರಿಸಿದ್ದರು. ಆದರೂ ಅದೊಂದನ್ನೇ ನಂಬುವ ಹಾಗಿಲ್ಲ. ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆಯ ಉನ್ಮಾದದಲ್ಲೂ ಅಂಥ ಧ್ವನಿ ಬರಬಹುದು. ಗಾಂಜಾದಿಂದಲೂ ಸೈಕೋಸಿಸ್ (ಇಲ್ಲದ್ದು ಕೇಳಿಸುವ, ಇಲ್ಲದ್ದನ್ನು ಗಟ್ಟಿಯಾಗಿ ನಂಬುವ ಸ್ಥಿತಿ) ಆಗುತ್ತದೆ, ಆ ಪ್ರಶ್ನೆಯನ್ನು ಅಮ್ಮನ ಎದುರು ಕೇಳಿ ಪ್ರಯೋಜನವಿಲ್ಲ. ಥೈರಾಯ್ಡ್, ಬಿ12 ನೋಡಿಸುತ್ತೇನೆ. ಜ್ವರ, ಫಿಟ್ಸ್, ಮಂಪರು ಇದ್ದರೆ ಮಿದುಳಿನ ಉರಿಯೂತದ ಅನುಮಾನ. ಆಗ ನರರೋಗ ತಜ್ಞರ ಹತ್ತಿರ ಕಳಿಸುತ್ತೇನೆ. "ಸ್ಕ್ಯಾನ್ ನಾರ್ಮಲ್ ಅಂದ್ಮೇಲೆ ಏನೂ ಇಲ್ಲ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಈ ಕಾಯಿಲೆಯನ್ನು ಹಿಡಿದು ತೋರಿಸುವ ಸ್ಕ್ಯಾನೂ ಇಲ್ಲ, ರಕ್ತಪರೀಕ್ಷೆಯೂ ಇಲ್ಲ.

ಊರೂ ಅಷ್ಟೇ, ತಲೆ ಕೆಡಿಸುತ್ತದೆ. ಆಫೀಸಿನವರೆಲ್ಲ ನನ್ನ ಬಗ್ಗೆಯೇ ಮಾತಾಡುತ್ತಾರೆ ಅಂದ ಒಬ್ಬರ ವಿಷಯದಲ್ಲಿ, ಅವರನ್ನು ಬಿಟ್ಟು ಮಾಡಿದ ವಾಟ್ಸಾಪ್ ಗ್ರೂಪ್ ನಿಜವಾಗಿಯೂ ಇತ್ತು! ಜಾತ್ರೆಯಲ್ಲಿ ಮೈಮೇಲೆ ದೇವರು ಬಂದು, ಮಾರನೇ ದಿನ ಎದ್ದು ರೊಟ್ಟಿ ತಟ್ಟುವ ಹೆಂಗಸಿಗೆ ನಾನು ಯಾವ ಕಾಯಿಲೆಯ ಹೆಸರೂ ಇಡುವುದಿಲ್ಲ. ಕಟ್ಟಿಸಿಕೊಂಡ ತಾಯತ ಬಿಚ್ಚಿ ಅಂತಲೂ ಹೇಳಲ್ಲ. ಮಾತ್ರೆ ತಪ್ಪಿಸಬೇಡಿ ಅಂತೀನಿ, ಅಷ್ಟೇ.

ಆ ದಿನ ಹುಡುಗನ ಫೈಲಿನಲ್ಲಿ 'ಸೈಕೋಸಿಸ್' ಅಂತ ಮಾತ್ರ ಬರೆದೆ. ಹೆಸರು ಖಚಿತವಾಗಲಿ ಅಂತ ಚಿಕಿತ್ಸೆ ಕಾಯಬೇಕಿಲ್ಲ. ಸಣ್ಣ ಡೋಸ್‌ನಲ್ಲಿ ಶುರು ಮಾಡಿದೆ.

ಮುಂದಿನ ಸಲ ತಾಯಿ ಹೋದ ವರ್ಷದ ಕ್ಯಾಲೆಂಡರ್ ಸುತ್ತಿಕೊಂಡು ತಂದಿದ್ದರು, ಹಾಲಿನ ಲೆಕ್ಕ ಬರೆದದ್ದು. ಗಣೇಶನ ಹಬ್ಬದವರೆಗೆ ದಿನಾ ಒಂದೂವರೆ ಲೀಟರ್. ಆಮೇಲೆ ಒಂದೇ.

"ಇವನು ದಿನಕ್ಕೆ ನಾಲ್ಕು ಲೋಟ ಕಾಫಿ ಕುಡೀತಿದ್ದ. ಆವಾಗ್ಲೇ ಬಿಟ್ಟಿದ್ದು. ಒಳ್ಳೇದೇ ಆಯ್ತು ಅಂದ್ಕೊಂಡೆ."

ಈ ಸಲ ಮರೆಯಲಿಲ್ಲ. ಯಾಕೆ ಬಿಟ್ರಿ ಅಂತ ಹುಡುಗನನ್ನೇ ಕೇಳಿದೆ.

"ಡಿಕಾಕ್ಷನ್ ಕಹಿ ಬೇರೆ ಥರ ಇತ್ತು," ಅಂದ.