ಚಳಿಗೆ ಹಿಡಿಯದ ಹಳೆಯ ಲಾರಿ: ದೋಷ ಬ್ಯಾಟರಿಯದಲ್ಲ

ಚಿಕ್ಕಮಗಳೂರಿನಲ್ಲಿ ಕಾಫಿ ಕೊಯ್ಲಿನ ಕಾಲಕ್ಕೆ ಬೆಳಗಿನ ಚಳಿ ಏರಿದಂತೆ ತೋಟದ ಹಳೆಯ ಡೀಸೆಲ್ ಲಾರಿ ಮುಷ್ಕರ ಹೂಡಿತು. ಸೆಲ್ಫ್ ಎಳೆದೆಳೆದು ತಿರುಗುತ್ತಿತ್ತು, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿತ್ತು, ಎಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಯಾವ ತಕರಾರೂ ಇಲ್ಲ.

ಬಿಳಿ ಹೊಗೆ ಎಂದರೆ ಡೀಸೆಲ್ ಸಿಲಿಂಡರಿಗೆ ಬರುತ್ತಿದೆ, ಉರಿಯುತ್ತಿಲ್ಲ. ಹಾಗಾಗಿ ಫಿಲ್ಟರ್, ಪೈಪುಗಳ ಮೇಲಿನ ಅನುಮಾನ ಬಿಟ್ಟೆ. ಡೀಸೆಲ್ ಹೊತ್ತಿಕೊಳ್ಳುವುದು ಅದುಮಿದ ಗಾಳಿಯ ಬಿಸಿಗೆ. ಎಂಜಿನ್ ನಿಧಾನವಾಗಿ ತಿರುಗಿದರೆ ಆ ಬಿಸಿಯನ್ನೆಲ್ಲ ತಣ್ಣಗಿರುವ ಸಿಲಿಂಡರ್ ಹೀರಿಕೊಳ್ಳುತ್ತದೆ. ಸಿಲಿಂಡರಿನೊಳಗನ್ನು ಮೊದಲೇ ಕಾಯಿಸುವ ಹೀಟರ್ ಪ್ಲಗ್ ಕೂಡ ನಮ್ಮ ಲಾರಿಗೆ ಇಲ್ಲ.

ಹೊಸ ಬ್ಯಾಟರಿ ಹಾಕಿಸಿ ಎಂದರು ಮೆಕ್ಯಾನಿಕ್. ಅಷ್ಟು ದುಡ್ಡು ಸುರಿಯುವ ಮೊದಲು ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಸಿದೆ. 0.5 ವೋಲ್ಟ್ ದಾಟಬಾರದ ಕಡೆ 1.5 ತೋರಿಸಿತು! ಅಂದರೆ ಸೆಲ್ಫಿಗೆ ಸಿಗಬೇಕಾದ ವೋಲ್ಟೇಜ್ ದಾರಿಯಲ್ಲೇ ಪೋಲಾಗುತ್ತಿತ್ತು. ಬ್ಯಾಟರಿಯ ಮೈನಸ್ಸಿನಿಂದ ಬರುವ ಅರ್ಥ್ ಕೇಬಲ್ ಚಾಸಿಗೆ, ಅಂದರೆ ಲಾರಿಯ ಕಬ್ಬಿಣದ ಚೌಕಟ್ಟಿಗೆ, ಕೂರುವ ಬೋಲ್ಟಿನಡಿ ಬರೀ ತುಕ್ಕು. ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಬಿಗಿದು, ಮೇಲೆ ಗ್ರೀಸ್ ಸವರಿ, ಎಂಜಿನ್ನಿನಿಂದ ಚಾಸಿಗೆ ಹೊಸ ದಪ್ಪ ಕೇಬಲ್ ಹಾಕಿದೆ. ಆಯಿಲ್ ಬದಲಿಸುವ ಸಮಯವೂ ಬಂದಿತ್ತು. 20ಡಬ್ಲ್ಯು-40ರ ಬದಲು ಚಳಿಯಲ್ಲಿ ಸ್ವಲ್ಪ ತೆಳುವಾಗಿರುವ 15ಡಬ್ಲ್ಯು-40 ತುಂಬಿದೆ. ಮರುದಿನ ಮುಂಜಾನೆಯ ಮಂಜಿನಲ್ಲೇ ಲಾರಿ ಹೊರಟಿತು, ಅದೇ ಹಳೆಯ ಬ್ಯಾಟರಿಯಲ್ಲಿ.

ಟ್ಯಾಂಕಿನ ಕೆಳಗೆ ಚಿಂದಿ ಹೊತ್ತಿಸಿ ಕಾಯಿಸುವವರನ್ನು ಕಂಡಿದ್ದೇನೆ. ಅಪಾಯವೂ ಹೌದು, ವ್ಯರ್ಥವೂ ಹೌದು. ಮಲೆನಾಡಿನ ಚಳಿಗೆ ಡೀಸೆಲ್ ಹೆಪ್ಪುಗಟ್ಟುವುದಿಲ್ಲ. ಆ ಕಷ್ಟ ಲಡಾಖಿನದು; ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ ತಂದಿತು.