ಹಮ್ಮಿಂಗ್‌ಬರ್ಡ್ ಗಂಟಲು ಹೊಳೆಯಬೇಕಾದರೆ

ಜಲವರ್ಣದಲ್ಲಿ ಹಮ್ಮಿಂಗ್‌ಬರ್ಡ್ ಬರೆಯುವ ತುಂಬಾ ಜನರನ್ನು ನೋಡಿದ್ದೇನೆ. ರೆಕ್ಕೆ, ಬಾಲ ಎಲ್ಲ ಚೆನ್ನಾಗಿ ಬರುತ್ತದೆ. ಗಂಟಲು ಮಾತ್ರ ಕುಂಕುಮ ಮೆತ್ತಿದ ಹಾಗೆ ಕಾಣುತ್ತದೆ. ಅದಕ್ಕೇ ಈ ಲೇಖನ.

ಮೊದಲು ಮಾದರಿ. ನಮ್ಮ ದಾಸವಾಳಕ್ಕೆ ಬರುವುದು ಸೂರಕ್ಕಿ, ಅದರ ಕೊಕ್ಕು ಬಾಗಿರುತ್ತದೆ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಾನು ಹೇಳುತ್ತಿರುವುದು ಉತ್ತರ ಅಮೆರಿಕದ ಪೂರ್ವ ಭಾಗದ ರೂಬಿ ಥ್ರೋಟೆಡ್ ಜಾತಿ. ತೂಕ ಸುಮಾರು 3 ಗ್ರಾಂ, ಕೊಕ್ಕು ಹೆಚ್ಚುಕಡಿಮೆ ನೇರ, ಬೆನ್ನು ಹಸಿರು, ಹೊಟ್ಟೆ ಮಾಸಲು ಬಿಳಿ. ಕೆಂಪು ಗಂಟಲು ಗಂಡಿಗೆ ಮಾತ್ರ.

ಕಾಗದ 300 ಜಿಎಸ್ಎಂ ಇರಲಿ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ. ಡ್ರಾಯಿಂಗ್ ಪುಸ್ತಕದ ಹಾಳೆ ಬೇಡವೇ ಬೇಡ, ಎರಡನೇ ಪದರಕ್ಕೇ ಸಿಪ್ಪೆ ಏಳುತ್ತದೆ. ಪೆನ್ಸಿಲ್‌ನಲ್ಲಿ ತೆಳುವಾಗಿ ಗೆರೆ ಹಾಕಿ, ಹೊಟ್ಟೆ, ಬೆನ್ನಿಗೆ ಬಣ್ಣ ತುಂಬಿ ಒಣಗಲು ಬಿಡಿ.

ಈಗ ಗಂಟಲು. ಆ ಕೆಂಪು ಗರಿಯ ಬಣ್ಣವಲ್ಲ, ಗರಿಯ ರಚನೆಗೆ ಬೆಳಕು ಬಿದ್ದು ಹುಟ್ಟುವ ಹೊಳಪು. ಹಕ್ಕಿ ಕತ್ತು ಸ್ವಲ್ಪ ತಿರುಗಿಸಿದರೂ ಸಾಕು, ಅದೇ ಜಾಗ ಕಪ್ಪಾಗುತ್ತದೆ. ಹಾಗಾಗಿ ಒಂದೇ ಗಂಟಲಲ್ಲಿ ಉರಿಯುವ ಕೆಂಪೂ ಬೇಕು, ಕಪ್ಪೂ ಬೇಕು.

ಇಡೀ ಗಂಟಲಿಗೆ ತೆಳು ಕಿತ್ತಳೆ ಬಳಿಯಿರಿ. ಅಂಗೈ ಹಿಂಭಾಗ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಒದ್ದೆ ಇದೆ ಅಂತ ಅರ್ಥ, ಕಾಯಿರಿ. ಆಮೇಲೆ 2ನೇ ನಂಬರಿನ ಬ್ರಷ್ಷಿನಲ್ಲಿ ಗಟ್ಟಿ ಕೆಂಪು ತೆಗೆದುಕೊಂಡು, ಮಾಡಿನ ಹೆಂಚು ಹೊದಿಸಿದ ಹಾಗೆ ಸಾಲುಸಾಲಾಗಿ ಸಣ್ಣ ಚುಕ್ಕೆ ಇಡುತ್ತಾ ಬನ್ನಿ. ಕೊಕ್ಕಿನ ಬಳಿ ಚಿಕ್ಕದು, ಎದೆಯ ಕಡೆ ದೊಡ್ಡದು. ನಡುವೆ ಕೂದಲೆಳೆಯಷ್ಟು ಕಿತ್ತಳೆ ಉಳಿಯಬೇಕು, ಹೊಳಪು ಬರುವುದೇ ಅಲ್ಲಿಂದ. ಅದೂ ಒಣಗಿದ ಮೇಲೆ ಕ್ರಿಮ್ಸನ್ ಎಂಬ ಕಡುಗೆಂಪಿಗೆ ಕಡು ಹಸಿರು ಬೆರೆಸಿ. ಕಪ್ಪಿಗೆ ಹತ್ತಿರದ ಬಣ್ಣ ಸಿಗುತ್ತದೆ. ಬೆಳಕಿಗೆ ದೂರವಾದ ಅಂಚಿನಲ್ಲಿ, ಚುಕ್ಕೆಗಳ ಸಂದಿಯಲ್ಲಿ ಮಾತ್ರ ಅದನ್ನು ತುಂಬಿ. ಟ್ಯೂಬಿನ ಕಪ್ಪು ಹಾಕಿದರೆ ಗಂಟಲು ಮಂಕಾಗುತ್ತದೆ. ಅಂಚು ಗಡುಸಾಯ್ತು ಅಂತ ಮತ್ತೆ ನೀರು ಸವರಬೇಡಿ, ಎಲ್ಲ ಕಲೆಸಿ ಕೆಸರಾಗುತ್ತದೆ. ಮಿನುಗುವ ಬಣ್ಣ ಅಂತ ಮಾರುತ್ತಾರಲ್ವಾ, ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಫೋಟೊ ತೆಗೆದರೆ ಬೂದು ಬಣ್ಣವೇ ಬರುವುದು. ಹೇರ್ ಡ್ರೈಯರ್ ಕೂಡ ನನಗೆ ಇಷ್ಟವಿಲ್ಲ, ಹಸಿ ಬಣ್ಣವನ್ನು ಅಂಚಿಗೆ ತಳ್ಳಿಬಿಡುತ್ತದೆ.

ರೆಕ್ಕೆ ಸೆಕೆಂಡಿಗೆ ಸುಮಾರು 50 ಸಲ ಬಡಿಯುತ್ತದೆ, ಗರಿ ಎಣಿಸಿ ಬರೆಯಬೇಡಿ. ಕಾಗದ ಒದ್ದೆ ಮಾಡಿ, ಭುಜದ ಹತ್ತಿರ ಬೂದು ತಾಗಿಸಿ, ಅದರ ಪಾಡಿಗೆ ಹರಡಲು ಬಿಡಿ. ಜಾಸ್ತಿ ಹರಿದರೆ ಟಿಶ್ಯೂ ಒತ್ತಿ.

ಕಣ್ಣು ಕೊನೆಗೆ. ಸಾಸಿವೆಯಷ್ಟು ಬಿಳಿ ಕಾಗದ ಉಳಿಸಿಕೊಂಡು ಸುತ್ತ ಕಪ್ಪು ತುಂಬಿ.